ನೆರೆಯೋ, ನಂಟೋ?

ತುರ್ಕಿ ಭಾಷೆಗೂ ಮಂಗೋಲ ಭಾಷೆಗೂ ಇರುವ ಸಂಬಂಧವೇನು ಎಂದು ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರ ಕಟ್ಟೆಯ ಮೇಲೆ ಕುಳಿತು ಕೇಳಿದರೆ ಜನ ನಕ್ಕಾರು. ಆದರೆ ಆ ಪ್ರಶ್ನೆಯನ್ನು ಬಿಡಿಸುವ ದಾರಿ ಆ ಕಟ್ಟೆಯಿಂದಲೇ ಚೆನ್ನಾಗಿ ಕಾಣುತ್ತದೆ. ಸವದತ್ತಿ ಸೀಮೆಯ ಚಚಡಿಯನ್ನೇ ತೆಗೆದುಕೊಳ್ಳೋಣ. ಅದು ದೇಸಗತಿಯ ಊರು. ದೇಸಾಯರ ಮನೆಯನ್ನು ಅಲ್ಲಿ ಮನೆ ಎನ್ನುವುದಿಲ್ಲ, ವಾಡೆ ಎನ್ನುತ್ತಾರೆ. ಮರಾಠಿಯ ವಾಡಾ ಅದು. ವಾಡೆಯ ವ್ಯವಹಾರಕ್ಕೆ ಬೇಕಾದ ದಫ್ತರ, ಸನದು, ಇನಾಮು, ಜಮಾಬಂದಿಗಳು ಪಾರಸಿ, ಅರಬ್ಬಿಗಳಿಂದ ಬಂದವು. ವಾಡೆಯಿಂದ ಹೊರಬಿದ್ದು ಹೊಲದ ಹಾದಿ ಹಿಡಿಯಿರಿ: ಎತ್ತು, ಕುಂಟೆ, ಕೂರಿಗೆ, ಜೋಳ. ಕೈ, ಕಾಲು, ಕಣ್ಣು. ಬಾ, ಹೋಗು, ಉಣ್ಣು. ಇಲ್ಲಿ ಪರಭಾಷೆಯ ಸದ್ದೇ ಇಲ್ಲ. ಒಂದೇ ಊರಿನ ಒಂದೇ ಮಾತಿನಲ್ಲಿ ವಾಡೆಯ ಪದರ ಬೇರೆ, ಹೊಲದ ಪದರ ಬೇರೆ.

ಈಗ ಏಷ್ಯಾದ ಹುಲ್ಲುಗಾವಲಿಗೆ ಹೋಗೋಣ. ತುರ್ಕಿ ಕುಲದ ಭಾಷೆಯ ಅತ್ಯಂತ ಹಳೆಯ ದೊಡ್ಡ ಶಾಸನಗಳು ದೊರೆತದ್ದು ತುರ್ಕಸ್ತಾನದಲ್ಲಿ ಅಲ್ಲ, ಮಂಗೋಲಿಯಾದ ಒರ್ಖೋನ್ ನದಿಯ ಕಣಿವೆಯಲ್ಲಿ. ಅವುಗಳಲ್ಲಿ ಒಂದು ಕ್ರಿ.ಶ. 732ರದು, ನಮ್ಮ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನಕ್ಕಿಂತ ತುಸು ಈಚಿನದು. ಆ ಲಿಪಿಯನ್ನು 1893ರಲ್ಲಿ ಓದಿದವನು ಡೆನ್ಮಾರ್ಕಿನ ವಿಲ್‌ಹೆಲ್ಮ್ ಥಾಮ್ಸೆನ್. ಮುಂದೆ 13ನೆಯ ಶತಮಾನದಲ್ಲಿ ಮಂಗೋಲರು ತಮ್ಮ ಭಾಷೆಯನ್ನು ಬರೆಯತೊಡಗಿದಾಗ ಲಿಪಿಯನ್ನು ಕಡ ತಂದದ್ದು ಉಯಿಗುರರಿಂದ, ಎಂದರೆ ತುರ್ಕಿ ಕುಲದವರಿಂದಲೇ. ಇಷ್ಟು ಒತ್ತಿನಲ್ಲಿ ಬಾಳಿದವರ ಮಾತು ಒಂದರೊಳಗೊಂದು ಸೇರದಿದ್ದೀತೆ? ಕಪ್ಪಿಗೆ ತುರ್ಕಿಯವರು ‘ಕರಾ’ ಎಂದರೆ ಮಂಗೋಲರು ‘ಖರ್’ ಎನ್ನುತ್ತಾರೆ. ಜವೆಗೋಧಿಗೆ ಅವರು ‘ಅರ್ಪಾ’ ಎಂದರೆ ಇವರು ‘ಅರ್ವಾಯ್’. ಖಾನ್ ಎಂಬ ಪದವಿ ಇಬ್ಬರಲ್ಲಿಯೂ ಉಂಟು.

ವಾಕ್ಯದ ಕಟ್ಟಡವನ್ನು ನೋಡಿದರಂತೂ ಬೆರಗಾಗುತ್ತದೆ. ಮನೆಗೆ ತುರ್ಕಿಯಲ್ಲಿ ‘ಎವ್’. ‘ಮನೆಗಳಲ್ಲಿ’ ಎನ್ನಲು ‘ಎವ್-ಲೆರ್-ದೆ’. ಮಂಗೋಲಿನಲ್ಲಿ ಮನೆ ‘ಗೆರ್’, ‘ಗೆರ್-ಊದ್-ಎದ್’. ನಮ್ಮದು ‘ಮನೆ-ಗಳ-ಲ್ಲಿ’. ಮೊದಲು ವಸ್ತು, ಆಮೇಲೆ ಬಹುವಚನ, ಕೊನೆಗೆ ವಿಭಕ್ತಿ. ಮೂರರಲ್ಲಿಯೂ ಕ್ರಿಯಾಪದ ವಾಕ್ಯದ ತುದಿಗೆ ಬಂದು ಕೂಡುತ್ತದೆ. ತಿರುನೆಲ್ವೇಲಿ ಸೀಮೆಯಲ್ಲಿದ್ದ ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದಾಗ ಇಂಥ ಹೋಲಿಕೆಗಳಿಗೆ ಮನಸೋತು, ಕನ್ನಡ, ತಮಿಳುಗಳನ್ನು ತುರ್ಕಿ, ಮಂಗೋಲ, ಫಿನ್ನಿಷ್ ಭಾಷೆಗಳೊಡನೆ ‘ಸಿಥಿಯನ್’ ಎಂಬ ಒಂದು ಮಹಾಕುಟುಂಬಕ್ಕೆ ಸೇರಿಸಲು ಯತ್ನಿಸಿದ. ದ್ರಾವಿಡ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ ಎಂಬ ಅವನ ಮಾತು ನಿಂತಿತು. ಸಿಥಿಯನ್ ನಂಟಿನ ಮಾತು ನಿಲ್ಲಲಿಲ್ಲ. ಅಷ್ಟು ಬಿಗಿಯಾದ ಪಂಡಿತನೂ ಇಲ್ಲಿ ಜಾರಿದನಲ್ಲ ಎಂಬುದು ನನಗೆ ಈಗಲೂ ಆಶ್ಚರ್ಯ.

ಹಾಗಾದರೆ ನಂಟನ್ನು ಗುರುತಿಸುವುದು ಹೇಗೆ? ಎಣಿಸಲು ಹೇಳಿ ನೋಡಬೇಕು. ಕನ್ನಡಿಗ ಒಂದು, ಎರಡು, ಮೂರು ಎಂದರೆ ತಮಿಳ ಒನ್ರು, ಇರಂಡು, ಮೂನ್ರು ಎನ್ನುತ್ತಾನೆ. ಕೇಳಿದೊಡನೆ ಒಂದೇ ಮನೆಯ ಮಕ್ಕಳೆಂದು ತಿಳಿಯುತ್ತದೆ. ತುರ್ಕಿಯವನು ಬಿರ್, ಇಕಿ, ಉಚ್, ದೊರ್ತ್, ಬೆಶ್ ಎಂದು ಎಣಿಸಿದರೆ ಮಂಗೋಲ ನೆಗ್, ಖೊಯರ್, ಗುರವ್, ದೊರೊವ್, ತವ್ ಎನ್ನುತ್ತಾನೆ. ನಾಲ್ಕೊಂದು ಹತ್ತಿರ ಬಂದಂತೆ ತೋರುತ್ತದೆ, ಉಳಿದವು ದೂರ. ಕೈಗೆ ಅಲ್ಲಿ ‘ಎಲ್’, ಇಲ್ಲಿ ‘ಗರ್’. ಕಣ್ಣಿಗೆ ಅಲ್ಲಿ ‘ಗೊಜ್’, ಇಲ್ಲಿ ‘ನುದ್’. 1956ರಲ್ಲಿ ಇಂಗ್ಲೆಂಡಿನ ಜೆರಾರ್ಡ್ ಕ್ಲಾಸನ್ ಈ ಅಂಶವನ್ನೇ ಹಿಡಿದು, ಫಿನ್ಲೆಂಡಿನ ರಾಮ್‌ಸ್ಟೆಟ್ ಮೊದಲಾದವರು ಕಟ್ಟಿದ ಅಲ್ತಾಯಿಕ್ ಕುಟುಂಬದ ವಾದವನ್ನು ಅಲ್ಲಗಳೆದ. ವಾದ ಸತ್ತಿಲ್ಲ, 2003ರಲ್ಲಿ ಅಲ್ತಾಯಿಕ್ ಪರವಾಗಿ ದೊಡ್ಡದೊಂದು ನಿಷ್ಪತ್ತಿಕೋಶವೇ ಹೊರಬಂತು. ಆದರೂ ಬಹುಮಂದಿ ವಿದ್ವಾಂಸರು ಇಂದು ಕಾಣುವುದು ನೆರೆತನವನ್ನೇ ಹೊರತು ನಂಟನ್ನಲ್ಲ.

ಸರಿ, ಪದಗಳನ್ನು ಕಡ ಪಡೆಯಬಹುದು; ವ್ಯಾಕರಣವನ್ನೂ ಕಡ ಪಡೆಯಬಹುದೆ? ಈ ಪ್ರಶ್ನೆಗೆ ಜಗತ್ತಿನ ಭಾಷಾಶಾಸ್ತ್ರಜ್ಞರೆಲ್ಲ ನೆನೆಯುವ ಉತ್ತರ ನಮ್ಮ ಗಡಿಯಾಚೆಯ ಸಾಂಗಲಿ ಜಿಲ್ಲೆಯ ಕುಪವಾಡದಿಂದ ಬಂತು. ಅಲ್ಲಿ ಜೈನರೂ ಲಿಂಗಾಯತರೂ ಕನ್ನಡ, ಮುಸಲ್ಮಾನರು ಉರ್ದು, ಇನ್ನು ಕೆಲವರು ಮರಾಠಿ ಆಡುತ್ತ ಶತಮಾನಗಳಿಂದ ಒಟ್ಟಿಗೆ ಬಾಳಿದ್ದಾರೆ. 1971ರಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಪ್ರಕಟಿಸಿದ ಅಧ್ಯಯನದಂತೆ, ಆ ಊರಿನಲ್ಲಿ ಒಂದು ಭಾಷೆಯ ವಾಕ್ಯವನ್ನು ಪದಕ್ಕೆ ಪದವಿಟ್ಟು ಇನ್ನೊಂದಕ್ಕೆ ತಿರುಗಿಸಬಹುದು. ಮೈಸೂರಿನವರು ‘ಇದು ನಮ್ಮ ಮನೆ’ ಎಂದು ನಿಲ್ಲಿಸುವಲ್ಲಿ ಕುಪವಾಡದ ಕನ್ನಡ, ಮರಾಠಿಯ ‘ಆಹೇ’ಗೆ ಸರಿಯಾಗಿ, ಕೊನೆಗೊಂದು ‘ಐತಿ’ಯನ್ನು ಸೇರಿಸುತ್ತದೆ, ಬೆಳಗಾವಿಯ ಕಿವಿಗೂ ಅದು ಹೊಸದಲ್ಲ. ಇತ್ತ ಅಲ್ಲಿಯ ಮರಾಠಿ, ಉರ್ದುಗಳು ಕಲ್ಲು ಮಣ್ಣುಗಳಿಗೂ ಗಂಡು ಹೆಣ್ಣೆಂಬ ಭೇದ ಹಚ್ಚುವುದನ್ನು ಬಿಟ್ಟು, ಕನ್ನಡದಂತೆ ಮನುಷ್ಯರಿಗೆ ಮಾತ್ರ ಅದನ್ನು ಉಳಿಸಿಕೊಂಡಿವೆ. ವ್ಯಾಕರಣಗಳು ಹೀಗೆ ಒಂದಾದವು; ಆದರೆ ಮನೆಯೊಳಗೆ ಕನ್ನಡಿಗ ಒಂದು, ಎರಡು ಎಂದೇ ಎಣಿಸಿದ; ಮರಾಠಿಗ ಏಕ, ದೋನ ಎಂದೇ.

ಇದು ಪಂಡಿತರ ವಿನೋದವಷ್ಟೇ ಅಲ್ಲ. ಹಳೆಯ ದಫ್ತರಗಳು ಮರಾಠಿಯಲ್ಲಿವೆ, ಆದ್ದರಿಂದ ನೆಲವೂ ಮರಾಠಿಯದು ಎಂದು ಗಡಿವಾದದಲ್ಲಿ ಹೇಳಿದವರುಂಟು. 1967ರ ಮಹಾಜನ ವರದಿಯ ನಂತರವೂ ಆ ಮಾತು ಅಡಗಲಿಲ್ಲ. ದಫ್ತರದ ಭಾಷೆ ವಾಡೆಯ ಪದರ. ಆಳುವವರು ಬದಲಾದರೆ ಅದೂ ಬದಲಾಗುತ್ತದೆ. ಈ ಸೀಮೆಯ ಶಾಲೆಗಳಲ್ಲಿಯೂ ಮರಾಠಿಯೇ ನಡೆಯುತ್ತಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿಯಬೇಕಾಯಿತು. ಮಕ್ಕಳ ಬಾಯಲ್ಲಿದ್ದ ಕನ್ನಡವನ್ನು ದಫ್ತರ ಅಳಿಸಿರಲಿಲ್ಲವಾದ್ದರಿಂದಲೇ ಆ ದುಡಿಮೆ ಫಲಿಸಿತು. ನಮ್ಮವರೂ ಒಮ್ಮೊಮ್ಮೆ ಇದೇ ತಪ್ಪು ಲೆಕ್ಕ ಹಾಕುತ್ತಾರೆ. ಮರಾಠಿಯಲ್ಲಿ ಅಣ್ಣಾ, ಅಕ್ಕಾ, ಅಡಕಿತ್ತಾ ಇವೆಯೆಂದು ಮರಾಠಿಯನ್ನೇ ಕನ್ನಡದ ಮಗಳೆನ್ನುವುದು ಅತಿಯಾಯಿತು. ಅಡಕೊತ್ತನ್ನು ಕಡ ಒಯ್ದವರೆಲ್ಲ ನೆಂಟರಾಗುವುದಿಲ್ಲ.

ಕಡದ ಪದಗಳ ಪಯಣ ಎಷ್ಟು ದೂರದ್ದು ನೋಡಿರಿ. ಕಿತ್ತೂರಿನ ಮೂಲಪುರುಷನಿಗೆ ವಿಜಾಪುರದ ದರಬಾರು ‘ಸಂಶೇರಜಂಗ ಬಹಾದ್ದರ’ ಎಂಬ ಬಿರುದನ್ನು ಕೊಟ್ಟಿತೆಂದು ಪ್ರತೀತಿ. ಬಹಾದ್ದರ ಎಂಬುದು ಹುಲ್ಲುಗಾವಲಿನ ‘ಬಗಾತುರ್’, ಎಂದರೆ ವೀರ. ಪಾರಸಿಯ ಕೈ ಹಿಡಿದು ಇಲ್ಲಿಗೆ ಬಂತು. ಚೆನ್ನಮ್ಮನ ಕಿತ್ತೂರು ಇಂಗ್ಲಿಷರೊಡನೆ ಕಾದಿದ್ದು 1824ರಲ್ಲಿ. ಸರಿಯಾಗಿ ನೂರು ವರ್ಷಗಳ ಮೇಲೆ, 1924ರಲ್ಲಿ, ಮಂಗೋಲರು ತಮ್ಮ ರಾಜಧಾನಿಗೆ ಉಲಾನ್ ಬಾತರ್, ಕೆಂಪು ವೀರ, ಎಂದು ಹೆಸರಿಟ್ಟರು. ಆ ಬಾತರನೂ ಈ ಬಹಾದ್ದರನೂ ಒಬ್ಬನೇ.

ನಮ್ಮ ಖಜಾಂಚಿ, ಮಶಾಲ್ಚಿಗಳ ಕೊನೆಯ ‘ಚಿ’ಯೂ ಅಲ್ಲಿಯದೇ. ಇಸ್ತಾಂಬುಲದಲ್ಲಿ ರೊಟ್ಟಿ ಮಾರುವವನು ಎಕ್ಮೆಕ್‌ಚಿ. ಮಂಗೋಲಿಯಾದಲ್ಲಿ ‘ಎಮ್’ ಎಂದರೆ ಮದ್ದು, ವೈದ್ಯ ‘ಎಮ್ಚ್’. ಈ ‘ಚಿ’ ಮೊದಲು ತುರ್ಕಿಯದೋ ಮಂಗೋಲಿಯದೋ ಎಂದು ಅವರು ಇನ್ನೂ ಚರ್ಚಿಸುತ್ತಿದ್ದಾರೆ. ನಮ್ಮ ಸಹಕಾರಿ ಸಂಘಗಳ ಖಜಾಂಚಿಗಳು ಅದಾವುದನ್ನೂ ಕೇಳದೆ ಪಾವತಿಗೆ ರುಜು ಹಾಕುತ್ತಿದ್ದಾರೆ.