ಮಾತು ಹರಿಯುವ ದಾರಿಗೂ ಒಂದು ನಕ್ಷೆ

ಯಾವುದೇ ಕಚೇರಿಯಲ್ಲಿ ಆದೇಶ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಆದರೆ ಸುದ್ದಿ ಹರಿಯುವುದು ಊಟದ ಡಬ್ಬಿ ಬಿಚ್ಚುವಲ್ಲಿ, ಒಂದೇ ಬಸ್ಸಿಗೆ ಕಾಯುವವರ ನಡುವೆ. ಕಾಗದಪತ್ರಗಳಲ್ಲಿ ಕಾಣದ ಈ ದಾರಿಯನ್ನು ಗೆರೆ ಎಳೆದು ತೋರಿಸಿದವರಲ್ಲಿ ಮೊದಲಿಗರು ಮನೋವೈದ್ಯ ಜೇಕಬ್ ಮೊರೆನೊ. ಅದಕ್ಕೆ ನಿಮಿತ್ತವಾದದ್ದು ಬಾಲಕಿಯರ ಪಲಾಯನ.

ಮೊರೆನೊ ಹುಟ್ಟಿದ್ದು 1889ರಲ್ಲಿ, ರುಮೇನಿಯಾದಲ್ಲಿ. ವಿಯೆನ್ನಾದಲ್ಲಿ ವೈದ್ಯಶಾಸ್ತ್ರ ಓದಿ 1925ರಲ್ಲಿ ಅಮೆರಿಕಕ್ಕೆ ಬಂದರು. ನ್ಯೂಯಾರ್ಕ್ ರಾಜ್ಯದ ಹಡ್ಸನ್ ಪಟ್ಟಣದಲ್ಲಿ ಆಗ, ನ್ಯಾಯಾಲಯಗಳು ಕಳುಹಿಸಿದ ಬಾಲಕಿಯರಿಗಾಗಿ ಸರ್ಕಾರಿ ತರಬೇತಿ ಶಾಲೆಯೊಂದಿತ್ತು. ಬಾಲಕಿಯರ ವಾಸ 'ಕಾಟೇಜ್' ಎಂಬ ಬೇರೆಬೇರೆ ಮನೆಗಳಲ್ಲಿ. 1932ರಲ್ಲಿ ಎರಡೇ ವಾರಗಳಲ್ಲಿ 14 ಮಂದಿ ಅಲ್ಲಿಂದ ಓಡಿಹೋದರು. ಇದು ವಾಡಿಕೆಗಿಂತ ಸುಮಾರು 30 ಪಟ್ಟು ಹೆಚ್ಚು.

ಮೊರೆನೊ ಮತ್ತು ಸಹೋದ್ಯೋಗಿ ಹೆಲೆನ್ ಜೆನ್ನಿಂಗ್ಸ್ ಬಾಲಕಿಯರನ್ನೇ ಕೇಳಿದರು: ಒಂದೇ ಮನೆಯಲ್ಲಿ ಯಾರ ಜೊತೆ ಇರಲು ನಿನಗೆ ಇಷ್ಟ? ಪ್ರತಿಯೊಬ್ಬಳೂ ಐದು ಹೆಸರು ಹೇಳಬಹುದಿತ್ತು. ಉತ್ತರಗಳು ಚಿತ್ರಗಳಾದವು. ಒಬ್ಬೊಬ್ಬಳಿಗೂ ಒಂದು ವೃತ್ತ, ಒಂದೊಂದು ಆಯ್ಕೆಗೂ ಒಂದು ಗೆರೆ. ಹಲವರು ಬಯಸಿದವಳು ನಡುವೆ ಎದ್ದು ಕಂಡಳು. ಯಾರೂ ಹೆಸರಿಸದವಳು ಅಂಚಿನಲ್ಲಿ ಒಂಟಿಯಾದಳು. ಓಡಿಹೋದವರನ್ನು ಗೆರೆಗಳ ಸರಪಳಿಯೊಂದು ಜೋಡಿಸಿತ್ತು. ಓಡುವ ಯೋಚನೆ ಈ ಸರಪಳಿ ಹಿಡಿದೇ ಒಬ್ಬಳಿಂದ ಇನ್ನೊಬ್ಬಳಿಗೆ ದಾಟಿದೆ ಎಂಬುದು ಮೊರೆನೊ ಅವರ ವಾದ. ತಾನು ಇಂಥ ಸರಪಳಿಯ ಕೊಂಡಿ ಎಂಬುದು ಆ ಬಾಲಕಿಯರಿಗೂ ತಿಳಿದಿರಲಿಕ್ಕಿಲ್ಲ.

ಈ ನಕ್ಷೆಗಳು 1933ರಲ್ಲಿ ನ್ಯೂಯಾರ್ಕ್‌ನ ವೈದ್ಯರ ಸಮ್ಮೇಳನದಲ್ಲಿ ಪ್ರದರ್ಶನಗೊಂಡು ಪತ್ರಿಕೆಗಳಲ್ಲೂ ಸುದ್ದಿಯಾದವು. ಮರುವರ್ಷ ಮೊರೆನೊ ಅವರ ಪುಸ್ತಕ ಹೊರಬಂತು. ಜನರ ನಡುವಿನ ಸಂಬಂಧಗಳನ್ನು ಹೀಗೆ ಅಳೆಯುವ ವಿಧಾನಕ್ಕೆ 'ಸೋಷಿಯೋಮೆಟ್ರಿ' ಎಂಬ ಹೆಸರು ನಿಂತಿತು.

ಗೆರೆಗಳನ್ನು ಎಣಿಸಿದವರ ನಂತರ, ಅವುಗಳ ಬಲವನ್ನು ಕೇಳಿದವರು ಬಂದರು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬಾಸ್ಟನ್ ಬಳಿಯ ಉದ್ಯೋಗಸ್ಥರನ್ನು ವಿಚಾರಿಸಿದರು. ಪರಿಚಿತರ ಮೂಲಕ ಕೆಲಸ ಹಿಡಿದವರಲ್ಲಿ, ಆ ಪರಿಚಿತರನ್ನು ಪದೇಪದೇ ಕಾಣುತ್ತಿದ್ದವರು ಶೇ 17ರಷ್ಟು ಮಾತ್ರ. ಆಪ್ತರಿಗೆ ಗೊತ್ತಿರುವುದು ಬಹುತೇಕ ನಮಗೂ ಗೊತ್ತು. ಹೊಸ ಸುದ್ದಿ ತರುವವರು ಅಪರೂಪಕ್ಕೆ ಸಿಗುವವರು. 1973ರ ಅವರ ಪ್ರಬಂಧ ಇಂದಿಗೂ ಚರ್ಚೆಯಲ್ಲಿದೆ.

ಆದರೆ ನಕ್ಷೆ ಮಾಡಲಾಗದ್ದೂ ಒಂದಿತ್ತು. ಹಡ್ಸನ್‌ನಲ್ಲಿ ಬಾಲಕಿಯರ ಆಯ್ಕೆಗಳನ್ನು ನೋಡಿ ಮನೆ ಹಂಚುವ ಪ್ರಯೋಗ ನಡೆಯಿತು. ಕಪ್ಪು ಬಾಲಕಿಯರನ್ನು ಮಾತ್ರ ಬೇರೆ ಕಾಟೇಜುಗಳಲ್ಲೇ ಇಡಲಾಗಿತ್ತು. ಮುಂದೆ ಜಾಸ್ ಗಾಯಕಿಯಾಗಿ ಜಗತ್ತೇ ಬಲ್ಲ ಎಲಾ ಫಿಟ್ಜೆರಾಲ್ಡ್ 1933ರಲ್ಲಿ ಈ ಶಾಲೆಗೇ ಬಂದರು. ಅವರೂ ಅಲ್ಲಿಂದ ಓಡಿಹೋದರು. ಬಣ್ಣದ ಗೋಡೆಯಾಚೆಗೆ ಯಾರು ಯಾರ ಹೆಸರು ಹೇಳಿದ್ದರೂ ಆ ಗೆರೆ ಕಾಗದದಲ್ಲೇ ಉಳಿಯಬೇಕಿತ್ತು. ಯಾರ ಮನಸ್ಸು ಯಾರತ್ತ ಎಂದು ನಕ್ಷೆ ಹೇಳಬಲ್ಲದು. ಬಾಗಿಲ ಕೀಲಿಕೈ ಇರುವುದು ಆಡಳಿತದ ಬಳಿ.