ಮೊಳೆಯಿಲ್ಲದ ಓಡ

ಕಬ್ಬಿಣದ ಅದಿರಿಲ್ಲ, ನದಿಯಿಲ್ಲ, ಭತ್ತದ ಗದ್ದೆಯಿಲ್ಲ. ಹವಳದ ಮರಳಿನ ಮೇಲೆ ಸೊಂಪಾಗಿ ಬೆಳೆಯುವುದು ತೆಂಗು. ಲಕ್ಷದ್ವೀಪ ಸಮೂಹದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳ ಸ್ಥಿತಿ ಇದು. ಆದರೂ ಅಲ್ಲಿನವರು ಸುಮಾರು 300 ಕಿಲೋಮೀಟರ್ ದೂರದ ಮಂಗಳೂರಿಗೆ ಹಾಯಿಹಡಗಿನಲ್ಲಿ ಬಂದುಹೋಗುತ್ತಿದ್ದರು. ಆ ಹಡಗಿಗೆ ಅವರಿಟ್ಟ ಹೆಸರು ಓಡಂ. ದೋಣಿಗೆ ಕನ್ನಡದಲ್ಲಿರುವ ಓಡ ಎಂಬ ಪದ ಅದರ ಬಂಧು.

ಈ ಓಡದಲ್ಲಿ ಹಲಗೆಗಳನ್ನು ಮೊಳೆ ಹೊಡೆದು ಜೋಡಿಸುತ್ತಿರಲಿಲ್ಲ, ಹೊಲಿಯುತ್ತಿದ್ದರು! ಹಲಗೆಯ ಅಂಚಿನುದ್ದಕ್ಕೂ ತೂತು ಕೊರೆದು, ತೆಂಗಿನ ಹುರಿ ಪೋಣಿಸಿ, ಸಂದಿಗೆ ನಾರು ತುಂಬಿ ಬಿಗಿಯುತ್ತಿದ್ದರು. ಮರಕ್ಕೆ ಮೀನೆಣ್ಣೆಯ ಲೇಪ. ಕಬ್ಬಿಣ ಸಿಗದ ಬಡತನದಿಂದ ಹೀಗಾಯಿತೆಂದು ಕೆಲವರು ಹೇಳುವುದುಂಟು. ಅದು ಅರ್ಧ ಸತ್ಯ ಮಾತ್ರ. 1343–44ರಲ್ಲಿ ಪಕ್ಕದ ಮಾಲ್ದೀವ್ಸ್‌ನಲ್ಲಿದ್ದ ಪ್ರವಾಸಿ ಇಬ್ನ್ ಬತೂತ ಇದರ ಕಾರಣವನ್ನು ಬರೆದಿಟ್ಟಿದ್ದಾನೆ: ಈ ಸಮುದ್ರದಲ್ಲಿ ಬಂಡೆಗಳು ಹೆಚ್ಚು, ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದ ಹಡಗು ಬಾಗಿ ಉಳಿದುಕೊಳ್ಳುತ್ತದೆ. ಸ್ಥಿತಿಸ್ಥಾಪಕತೆಯ ಪಾಠ ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಇನ್ನು ಹುರಿಯ ವಿಷಯ. ತೆಂಗಿನ ಸಿಪ್ಪೆಯನ್ನು ಹವಳದ ದಿಬ್ಬದೊಳಗಿನ ಶಾಂತವಾದ ಉಪ್ಪುನೀರಿನಲ್ಲಿ ಗುಂಡಿ ತೋಡಿ ಹೂಳುತ್ತಾರೆ. ಅಲೆ ಎಳೆದೊಯ್ಯದಂತೆ ಮೇಲೆ ಹವಳದ ಕಲ್ಲು ಹೇರುತ್ತಾರೆ. ತಿಂಗಳುಗಟ್ಟಲೆ ಅಲ್ಲೇ ನೆನೆಯಬೇಕು. ಆಮ್ಲಜನಕವಿಲ್ಲದ ಆ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ನಾರುಗಳನ್ನು ಅಂಟಿಸಿರುವ ಪೆಕ್ಟಿನ್ನನ್ನು ತಿಂದುಹಾಕುತ್ತವೆ. ಗಟ್ಟಿಯಾದ ಲಿಗ್ನಿನ್ ಅವಕ್ಕೆ ಸುಲಭವಾಗಿ ಜೀರ್ಣವಾಗದು. ಹಾಗಾಗಿ ನಾರು ಉಳಿಯುತ್ತದೆ. ಗುಂಡಿ ತೆರೆದಾಗ ಬರುವ ಕೊಳೆತ ಮೊಟ್ಟೆಯ ನಾತ ನಿಮ್ಮ ಪ್ರಯೋಗಶಾಲೆಯ ಹೈಡ್ರೋಜನ್ ಸಲ್ಫೈಡ್‌ನದೇ. ಆಮೇಲೆ ಹೆಂಗಸರು ಸಿಪ್ಪೆಯನ್ನು ಬಡಿದು, ತೊಳೆದು, ಒಣಗಿಸಿ, ಅಂಗೈಗಳ ನಡುವೆ ಹೊಸೆದು ಹುರಿ ಮಾಡುತ್ತಿದ್ದರು. ಉಪ್ಪುನೀರಿಗೆ ಅಂಜದ ಹೊಂಬಣ್ಣದ ಹುರಿ ಅದು.

ಈ ಹುರಿಯೇ ದ್ವೀಪದ ನಾಣ್ಯ. ಅದನ್ನು ಕೊಟ್ಟರೆ ಅಕ್ಕಿ. ಅಕ್ಕಿಯಿಲ್ಲದೆ ಮಳೆಗಾಲ ಕಳೆಯುವುದು ಕಷ್ಟ, ಏಕೆಂದರೆ ಆ ತಿಂಗಳುಗಳಲ್ಲಿ ಓಡಗಳನ್ನು ದಡಕ್ಕೆ ಎಳೆದಿಡಬೇಕಾಗುತ್ತಿತ್ತು. ಈ ಅಸಹಾಯಕತೆಯನ್ನು ಆಳುವವರು ಚೆನ್ನಾಗಿ ಅರಿತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಕಣ್ಣೂರಿನ ಅರಕ್ಕಲ್ ಮನೆತನ ನಾರಿನ ವ್ಯಾಪಾರವನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತು. ನಾರಿನ ಬೆಲೆಯನ್ನು ಹೊಸೆದವರು ಹೇಳುವಂತಿರಲಿಲ್ಲ. ಬೇಸತ್ತ ಅಮಿನಿಯವರು ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಅಮಿನಿ ಗುಂಪಿನ ದ್ವೀಪಗಳು ಅವನ ಆಳ್ವಿಕೆಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಅವನ್ನು ಕೆನರಾ ಜಿಲ್ಲೆಗೆ ಸೇರಿಸಿಕೊಂಡಿತು. ಧ್ವಜಗಳು ಬದಲಾದವು, ಏಕಸ್ವಾಮ್ಯ ಮುಂದುವರಿಯಿತು. ದ್ವೀಪದವರು ಮಂಗಳೂರಿಗೆ ಹುರಿ ತಂದು, ಸರ್ಕಾರ ಗೊತ್ತುಮಾಡಿದ ದರಕ್ಕೆ ಅಕ್ಕಿ ಪಡೆದು ಮರಳುತ್ತಿದ್ದರು. ನಮ್ಮ ಕರಾವಳಿಯ ಚರಿತ್ರೆ ಓದುವಾಗ ಮೆಣಸು, ಅಕ್ಕಿ, ಹೆಂಚುಗಳ ಮಾತು ಬರುತ್ತದೆ. ಈ ಹುರಿಯ ಪ್ರಸ್ತಾಪ ಅಪರೂಪ.

1956ರ ನವೆಂಬರ್ 1ರಂದು ಈ ದ್ವೀಪಗಳು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಅದೇ ದಿನ ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಬಂತು. ಹುರಿ ಹೇರಿದ ಓಡಗಳು ಆಮೇಲೂ ಕೆಲವು ವರ್ಷ ಮಂಗಳೂರಿನ ಬಂದರಿಗೇ ಬರುತ್ತಿದ್ದವು.