ಮಾರಿ, ಮರಳಿ ಕೊಂಡ ಎಂಜಿನ್

ಜನರಲ್ ಮೋಟರ್ಸ್ ಕಂಪನಿ 1967ರಲ್ಲಿ ತನ್ನದೊಂದು ಎಂಜಿನ್ನನ್ನು, ಅದನ್ನು ತಯಾರಿಸುವ ಯಂತ್ರಗಳ ಸಮೇತ, ಕೈಸರ್ ಜೀಪ್‌ಗೆ ಮಾರಿಬಿಟ್ಟಿತು. ಅದು ಎರಕದ ಕಬ್ಬಿಣದ ವಿ6, ಬ್ಯೂಕ್ ವಿಭಾಗದ ಕೂಸು. ಏಳು ವರ್ಷ ಕಳೆದ ಮೇಲೆ ಅದೇ ಕಂಪನಿ ಅದೇ ಯಂತ್ರಗಳನ್ನು ದುಡ್ಡು ಕೊಟ್ಟು ವಾಪಸು ತಂದಿತು. ಆಮೇಲೆ 2008ರವರೆಗೂ ಆ ವಂಶ ನಿಲ್ಲಲಿಲ್ಲ. ನಮ್ಮ ರೇಸ್ ಕಾರಿನ ಬಾನೆಟ್ಟಿನ ಅಡಿಯಲ್ಲಿ ಈಗ ಕೂತಿರುವುದು ಆ ವಂಶದ ಕೊನೆಯ ತಲೆಮಾರುಗಳಲ್ಲಿ ಒಂದು. ಅಗ್ಗದ ಎಂಜಿನ್ ಹುಡುಕಿಕೊಂಡು ಹೋದವನಿಗೆ ಅದರ ಹಿಂದಿದ್ದ ಚರಿತ್ರೆ ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ.

ನಾವು ಓಡಿಸುವುದು ‘24 ಅವರ್ಸ್ ಆಫ್ ಲೆಮನ್ಸ್’ ಎಂಬ ಹವ್ಯಾಸಿಗಳ ರೇಸಿನಲ್ಲಿ. ಜೇ ಲ್ಯಾಮ್ ಎಂಬ ಪತ್ರಕರ್ತ 2006ರಲ್ಲಿ ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ಶುರುಮಾಡಿದ್ದು. ಕಾರಿನ ಬೆಲೆ 500 ಡಾಲರ್ ದಾಟಬಾರದು. ಚಾಲಕನನ್ನು ಕಾಪಾಡುವ ರೋಲ್ ಕೇಜ್, ಸೀಟು, ಬೆಲ್ಟು, ಬ್ರೇಕು ಈ ಲೆಕ್ಕಕ್ಕೆ ಬರುವುದಿಲ್ಲ. ಅನುಮಾನ ಬಂದರೆ ತೀರ್ಪುಗಾರರು, ಮೀರಿದ ಪ್ರತಿ 10 ಡಾಲರಿಗೆ ಒಂದು ಸುತ್ತು ಕಳೆಯುತ್ತಾರೆ. 2009ರಲ್ಲಿ ಚಂಪ್‌ಕಾರ್ ಎಂಬ ಹೆಸರಿನಲ್ಲಿ ಶುರುವಾದ ಸರಣಿಯೂ ಇದೇ ಜಾಡಿನದು. ಅಲ್ಲಿ ಪ್ರತಿ ಮಾದರಿಗೂ ಅಂಕ ಕಟ್ಟಿಟ್ಟಿದ್ದಾರೆ, ಎಂಜಿನ್ ಬದಲಿಸಿದರೆ ಅದಕ್ಕೂ ಲೆಕ್ಕವಿದೆ. ಎರಡರಲ್ಲೂ ಗೆಲುವು ಒಂದು ಸುತ್ತಿನ ವೇಗದಿಂದ ಬರುವುದಿಲ್ಲ. ಇಡೀ ದಿನ ನಿಲ್ಲದೆ ಸುತ್ತುವವನಿಗೆ ಬರುತ್ತದೆ.

ನಮ್ಮದು 1986ರ ಮಜ್ದಾ ಆರ್‌ಎಕ್ಸ್-7. ಅದರ ಮೂಲ ಎಂಜಿನ್ ರೋಟರಿ. ಆ ಜಾತಿಯ ಎಂಜಿನ್ 1991ರಲ್ಲಿ ಮಜ್ದಾಗೆ ಲೆ ಮಾನ್ಸ್‌ನ 24 ಗಂಟೆಯ ರೇಸು ಗೆದ್ದುಕೊಟ್ಟಿದೆ, ಅದರ ಬಗ್ಗೆ ನನಗೆ ಅಪಾರ ಗೌರವ. ಆದರೆ ಮೂವತ್ತು ವರ್ಷ ಹಳೆಯದಾದ, ಯಾರ್‍ಯಾರೋ ಓಡಿಸಿ ಬಿಟ್ಟ ರೋಟರಿಯಲ್ಲಿ ರೋಟರಿನ ತುದಿಯ ಸೀಲುಗಳು ಸವೆದಿರುತ್ತವೆ, ಪೆಟ್ರೋಲು ಕುಡಿಯುತ್ತದೆ, ಬಿಸಿಗಂತೂ ತಡೆಯುವುದೇ ಇಲ್ಲ. ಸ್ಯಾಕ್ರಮೆಂಟೊದಿಂದ ಉತ್ತರಕ್ಕೆ, ವಿಲ್ಲೋಸ್ ಪಟ್ಟಣದ ಪಕ್ಕ ಇರುವ ಥಂಡರ್‌ಹಿಲ್ ಟ್ರ್ಯಾಕಿನಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿ ನಮ್ಮ ರೋಟರಿ ಪ್ರಾಣ ಬಿಟ್ಟಿತು. ಹೊಸದಾಗಿ ಕಟ್ಟಿಸುವ ದುಡ್ಡಿನಲ್ಲಿ ಇನ್ನೆರಡು ಕಾರು ಬರುತ್ತಿತ್ತು.

ಕಾರಿಗೆ ಇನ್ನೊಂದರ ಎಂಜಿನ್ ಕೂರಿಸುವುದು ಅಮೆರಿಕದ ಬಡ ರೇಸುಗಾರರ ಹಳೇ ದಾರಿ. ಫೋರ್ಡ್ 1932ರಲ್ಲಿ 65 ಅಶ್ವಶಕ್ತಿಯ ವಿ8 ಎಂಜಿನ್ನನ್ನು ಸಾಮಾನ್ಯರ ಕಾರಿಗೆ ತಂದಿತು. ಕೆಲವೇ ವರ್ಷಗಳಲ್ಲಿ ಅವು ಗುಜರಿಗೆ ಬರತೊಡಗಿದವು, ಕ್ಯಾಲಿಫೋರ್ನಿಯಾದ ಹುಡುಗರು ಅವನ್ನು ಹಳೆಯ ಹಗುರ ಗಾಡಿಗಳಿಗೆ ಇಳಿಸಿ, ಒಣಗಿದ ಕೆರೆಯಂಗಳಗಳಲ್ಲಿ ಓಡಿಸಿದರು. 1955ರಲ್ಲಿ ಷೆವ್ರಲೆಯ ಸಣ್ಣ ವಿ8 ಬಂದ ಮೇಲೆ ಫೋರ್ಡ್ ಬದಿಗೆ ಸರಿಯಿತು. ಎರಡು ಕಾಲದಲ್ಲೂ ಲೆಕ್ಕಾಚಾರ ಒಂದೇ: ಊರ ತುಂಬ ಓಡಾಡುವ ಕಾರಿನ ಎಂಜಿನ್ನೇ ಅಗ್ಗ, ಬಿಡಿಭಾಗವೂ ಅದಕ್ಕೇ ಸಿಗುವುದು.

ದೂರದ ಓಟದಲ್ಲಿ ಈ ಲೆಕ್ಕ ಇನ್ನೂ ಗಟ್ಟಿ. ಇಂಗ್ಲೆಂಡಿನ ಸಿಡ್ನಿ ಅಲಾರ್ಡ್ ತಾನೇ ಕಟ್ಟಿದ ಕಾರಿಗೆ ಅಮೆರಿಕದ ಕ್ಯಾಡಿಲಾಕ್ ವಿ8 ಹಾಕಿ 1950ರ ಲೆ ಮಾನ್ಸ್‌ನಲ್ಲಿ ಮೂರನೆಯವನಾದ. ಡೊನಾಲ್ಡ್ ಹೀಲಿ ಎಂಬಾತನಿಗೂ ಅದೇ ಎಂಜಿನ್ ಬೇಕಿತ್ತು. ಕೇಳಲೆಂದು 1949ರ ಕೊನೆಯಲ್ಲಿ ‘ಕ್ವೀನ್ ಎಲಿಜಬೆತ್’ ಹಡಗು ಹತ್ತಿದವನಿಗೆ ದಾರಿಯಲ್ಲಿ ನ್ಯಾಶ್ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಸಿಕ್ಕ. ಕ್ಯಾಡಿಲಾಕ್ ಕೊಡಲಿಲ್ಲ. ನ್ಯಾಶ್ ತನ್ನ ಕುಟುಂಬದ ಕಾರಿನ, ಯಾರೂ ಮೆಚ್ಚಿ ಮಾತಾಡದ ಆರು ಸಿಲಿಂಡರಿನ ಎಂಜಿನ್ ಕೊಟ್ಟಿತು. ಆ ನ್ಯಾಶ್-ಹೀಲಿ 1950ರಲ್ಲಿ ನಾಲ್ಕನೆಯದು, 1952ರಲ್ಲಿ ಮೂರನೆಯದು! ಸಿಗದ ಎಂಜಿನ್ನಿಗೆ ಕಾಯುತ್ತ ಕೂರದೆ ಸಿಕ್ಕಿದ್ದರಲ್ಲಿ ಓಡಿದವನ ಕತೆ ಇದು. ಈಗಲೂ ನಮ್ಮ ಗ್ಯಾರೇಜಿನಲ್ಲಿ ಯಾರಾದರೂ ದುಬಾರಿ ಎಂಜಿನ್ನಿನ ಮಾತೆತ್ತಿದರೆ ನಾನು ಹೀಲಿಯ ಹೆಸರು ಹೇಳುತ್ತೇನೆ.

ಇನ್ನು ಬ್ಯೂಕ್‌ನ ಕತೆ. 1961ರಲ್ಲಿ ಅವರು ಅಲ್ಯೂಮಿನಿಯಮ್ಮಿನ 3.5 ಲೀಟರ್ ವಿ8 ತಂದರು. 145 ಕಿಲೋ ಆಸುಪಾಸಿನ ಅಚ್ಚರಿಯ ವಸ್ತು. ಎರಕದಲ್ಲಿ ಹಾಳಾಗುವುದೇ ಹೆಚ್ಚು, ಖರ್ಚು ವಿಪರೀತ, 1963ಕ್ಕೆ ಕೈಬಿಟ್ಟರು. ಇಂಗ್ಲೆಂಡಿನ ರೋವರ್ ಕಂಪನಿ 1965ರಲ್ಲಿ ಅದರ ಹಕ್ಕು ಕೊಂಡು ದಶಕಗಟ್ಟಲೆ ನಡೆಸಿತು. ಅದರ ಸೋದರ ಓಲ್ಡ್ಸ್‌ಮೊಬೀಲ್ ಬ್ಲಾಕಿನಿಂದ ಕಟ್ಟಿದ ರೆಪ್ಕೊ ಎಂಜಿನ್ ಹಾಕಿಕೊಂಡೇ ಜಾಕ್ ಬ್ರಾಬಮ್ 1966ರಲ್ಲಿ ವಿಶ್ವ ಚಾಂಪಿಯನ್ ಆದ. ಬಿಸಾಡಿದ ಎಂಜಿನ್ನಿಗೆ ಅಂಥ ಯೋಗ.

ಆ ವಿ8 ದುಬಾರಿಯಾಯಿತೆಂದು, ಅದನ್ನು ಕೊರೆಯುವ ಯಂತ್ರಗಳಲ್ಲೇ ಆಗುವಂತೆ ಎರಡು ಸಿಲಿಂಡರ್ ಕಡಿಮೆ ಮಾಡಿ, ಕಬ್ಬಿಣದಲ್ಲಿ ಎರಕ ಹೊಯ್ದು 1962ಕ್ಕೆ ಮಾಡಿದ್ದೇ ಈ ವಿ6. ಸಿಲಿಂಡರ್ ಸಾಲುಗಳ ನಡುವಿನ ಕೋನ ಮಾತ್ರ ವಿ8ಕ್ಕೆ ಹೊಂದುವ 90 ಡಿಗ್ರಿಯೇ ಉಳಿಯಿತು. ಹಾಗಾಗಿ ಸಿಡಿತಗಳ ನಡುವಿನ ಅಂತರ ಸಮನಾಗದೆ ಎಂಜಿನ್ ನಡುಗುತ್ತಿತ್ತು. ಪೆಟ್ರೋಲು ನೀರಿನಷ್ಟು ಅಗ್ಗವಾಗಿದ್ದ ಕಾಲ. ನಡುಗುವ ವಿ6 ಯಾರಿಗೆ ಬೇಕು? ಕೈಸರ್ ಕೊಂಡಿತು, ಜೀಪಿಗೆ ಹಾಕಿತು. 1970ರಲ್ಲಿ ಕೈಸರ್ ಜೀಪನ್ನೇ ಅಮೆರಿಕನ್ ಮೋಟರ್ಸ್ ಕೊಂಡಿತು. ಅವರಲ್ಲಿ ತಮ್ಮದೇ ಆರು ಸಿಲಿಂಡರಿನ ಎಂಜಿನ್ ಇತ್ತು, ಇದನ್ನು ನಿಲ್ಲಿಸಿ ಯಂತ್ರಗಳನ್ನು ಸುಮ್ಮನಿಟ್ಟರು.

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. ಪೆಟ್ರೋಲು ಬಂಕುಗಳ ಮುಂದೆ ಕಾರುಗಳ ಸಾಲು. ಬ್ಯೂಕ್‌ನವರ ಹತ್ತಿರ ಸಣ್ಣ ಎಂಜಿನ್ ಇರಲಿಲ್ಲ, ಹೊಸದು ಮಾಡಲು ಹೊತ್ತೂ ಇರಲಿಲ್ಲ. ಆಗ ಅವರ ಎಂಜಿನಿಯರರು ಗುಜರಿಯಿಂದ ತಮ್ಮದೇ ಹಳೇ ವಿ6 ತಂದು, ಹೊಸ ಬ್ಯೂಕ್ ಅಪೋಲೊ ಕಾರಿಗೆ ಕೂರಿಸಿದರು. ಆ ಕಾರನ್ನು ಓಡಿಸಿ ನೋಡಿದವನು ಜನರಲ್ ಮೋಟರ್ಸ್‌ನ ಅಧ್ಯಕ್ಷ ಎಡ್ ಕೋಲ್. 1955ರ ಷೆವ್ರಲೆ ವಿ8ರ ಹಿಂದಿದ್ದವನೂ ಅವನೇ. ಯಂತ್ರಗಳನ್ನು 1974ರಲ್ಲಿ ಮರಳಿ ಕೊಂಡರು. 1975ರ ಮಾದರಿಗಳಲ್ಲಿ 3.8 ಲೀಟರಾಗಿ ಎಂಜಿನ್ ಬಂತು. 1977ರಲ್ಲಿ ಕ್ರ್ಯಾಂಕ್ ಶಾಫ್ಟನ್ನು ತಿದ್ದಿ ನಡುಕ ಇಳಿಸಿದರು. ಆಗ ಜಗತ್ತಿನ ಅತಿದೊಡ್ಡದಾಗಿದ್ದ ಕಾರು ಕಂಪನಿ ಕಷ್ಟಕಾಲದಲ್ಲಿ ಮಾಡಿದ್ದು, ನಾವು ನಮ್ಮ ಶೆಡ್ಡಿನಲ್ಲಿ ಮಾಡುವ ಕೆಲಸವನ್ನೇ. ಇಡೀ ಚರಿತ್ರೆಯಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದು.

ಇದೇ ಎಂಜಿನ್ನಿಗೆ ಟರ್ಬೊ ಕಟ್ಟಿ, ಹಿಂಡಿ ಓಡಿಸಿದ್ದೂ ಉಂಟು. 1985ರ ಇಂಡಿಯಾನಾಪೊಲಿಸ್ 500ರಲ್ಲಿ ಪಾಂಚೊ ಕಾರ್ಟರ್ ಬ್ಯೂಕ್ ವಿ6 ಹಾಕಿಕೊಂಡು ಅತಿ ವೇಗದವನಾಗಿ ಮೊದಲ ಜಾಗ ಹಿಡಿದ. ರೇಸಿನಲ್ಲಿ 6 ಸುತ್ತಿಗೆ ಆಯಿಲ್ ಪಂಪು ಹೋಗಿ, 33ನೆಯವನಾಗಿ ಮುಗಿಸಿದ. ಅದೇ ಕುಲದ ಎಂಜಿನ್ ಅಜ್ಜ-ಅಜ್ಜಿಯರ ಬ್ಯೂಕ್ ಸೆಡಾನುಗಳಲ್ಲಿ ಮೂರು ಲಕ್ಷ ಕಿಲೋಮೀಟರ್ ಓಡಿಯೂ ತಣ್ಣಗೆ ಸ್ಟಾರ್ಟ್ ಆಗುತ್ತದೆ. ದೂರದ ಓಟಕ್ಕೆ ನಾವು ಆರಿಸಬೇಕಾದ್ದು ಎರಡನೆಯದನ್ನು.

ಹಾಗೆಂದು ಸೆಡಾನಿನ ಎಂಜಿನ್ ನಮಗೆ ಆಗುವುದಿಲ್ಲ. ಅದು ಅಡ್ಡಡ್ಡ ಕೂತು ಮುಂದಿನ ಚಕ್ರ ತಿರುಗಿಸುವಂಥದ್ದು. ಆರ್‌ಎಕ್ಸ್-7 ಹಿಂದಿನ ಚಕ್ರದ ಗಾಡಿ. 1996ರಿಂದ 2002ರವರೆಗಿನ ಷೆವ್ರಲೆ ಕಮಾರೊ ಕಾರಿನ ವಿ6 ಮಾದರಿಯಲ್ಲಿ ಇದೇ 3.8 ಎಂಜಿನ್ ಉದ್ದುದ್ದ ಕೂತಿರುತ್ತದೆ, 200 ಅಶ್ವಶಕ್ತಿ, ಜೊತೆಗೆ ಐದು ಗೇರಿನ ಬಾಕ್ಸು. ವಿ8 ಕಮಾರೊಗೆ ಎಲ್ಲರೂ ಮುಗಿಬೀಳುತ್ತಾರೆ. ವಿ6 ಕಮಾರೊವನ್ನು ಕೇಳುವವರೇ ಕಡಿಮೆ.

ತುಮಕೂರಿನಲ್ಲಿ ನನ್ನ ಸೋದರಮಾವನ ಗ್ಯಾರೇಜಿತ್ತು. ಟ್ಯಾಕ್ಸಿಯವರ ಅಂಬಾಸಿಡರುಗಳಿಂದ ಪೆಟ್ರೋಲು ಎಂಜಿನ್ ಇಳಿಸಿ, ಮೆಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸುತ್ತಿದ್ದರು. ಫೋನಿನಲ್ಲಿ ವಿಷಯ ಕೇಳಿದವರೇ, “ಬರೀ ಎಂಜಿನ್ ತರಬೇಡ ಕಣೋ, ಗಾಡಿ ಪೂರ್ತಿ ತಾ. ವೈರು, ಪೈಪು, ಬೋಲ್ಟು ಹುಡುಕೋದ್ರಲ್ಲೇ ಸೋತ್ಹೋಗ್ತೀಯ,” ಎಂದರು. ಅವರ ಮಾತಿನಂತೆ ಹಿಂಭಾಗ ಜಜ್ಜಿಹೋದ ಕಮಾರೊ ಒಂದನ್ನು ಇಡಿಯಾಗಿ ತಂದೆವು. ಸೀಟು, ಬಾಗಿಲು, ಡಿಸ್ಕು, ಮುಂದಿನ ಬಂಪರ್ ಮಾರಿದಾಗ ಕೊಟ್ಟದ್ದರಲ್ಲಿ ಬಹುಪಾಲು ವಾಪಸು ಬಂತು. ಮಾರಿದ ಭಾಗದ ದುಡ್ಡನ್ನು ಖರ್ಚಿನಲ್ಲಿ ಕಳೆಯಲು ನಮ್ಮ ರೇಸಿನಲ್ಲಿ ಅವಕಾಶವಿದೆ.

ಅವರ ಬುದ್ಧಿವಾದದ ಬೆಲೆ ಕೆಲಸಕ್ಕೆ ಇಳಿದಾಗ ಗೊತ್ತಾಯಿತು. ಆ ಕಮಾರೊದ ಕೀಲಿಯ ಮೇಲೆ ಕರಿಯ ಸಣ್ಣ ಚೂರೊಂದಿದೆ. ಅದರ ವಿದ್ಯುತ್ ತಡೆಯನ್ನು ಅಳೆದು ಸರಿಯಿದ್ದರೆ ಮಾತ್ರ ಕಾರು ಎಂಜಿನ್ನಿಗೆ ಪೆಟ್ರೋಲು ಬಿಡುತ್ತದೆ. ಕಳ್ಳರನ್ನು ತಡೆಯಲು ಮಾಡಿದ ಏರ್ಪಾಡು. ಬರೀ ಎಂಜಿನ್ ತಂದಿದ್ದರೆ, ಎಲ್ಲ ಜೋಡಿಸಿದ ಮೇಲೂ ಅದು ಸುಮ್ಮನೆ ತಿರುಗುತ್ತಿತ್ತೇ ಹೊರತು ಹೊತ್ತಿಕೊಳ್ಳುತ್ತಿರಲಿಲ್ಲ. ಕಂಪ್ಯೂಟರ್, ವೈರಿಂಗ್, ಕೀಲಿ ಎಲ್ಲ ಒಟ್ಟಿಗೆ ಇದ್ದದ್ದರಿಂದ ಮೊದಲು ಎಂಜಿನ್ ಓಡಿಸಿ ನೋಡಿದೆವು, ನಿಧಾನವಾಗಿ ಆ ಕಾವಲನ್ನು ಕಂಪ್ಯೂಟರಿನಿಂದ ತೆಗೆಸಿದೆವು.

ಉಳಿದದ್ದು ಲೋಹದ ಕೆಲಸ. ಆಯಿಲ್ ಚೇಂಬರ್ ಕ್ರಾಸ್‌ಮೆಂಬರಿಗೆ ತಾಗುತ್ತಿತ್ತು, ಎಂಜಿನ್ನನ್ನು ಆದಷ್ಟು ಹಿಂದಕ್ಕೆ ಸರಿಸಿ ಹೊಸ ಮೌಂಟಿಂಗ್ ಬೆಸುಗೆ ಹಾಕಿದೆವು. ಉದ್ದನೆಯ ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ಸರಿದು ಪಂಪಿನ ಬಾಯಿ ಒಣಗಬಾರದೆಂದು ಚೇಂಬರಿನ ಒಳಗೆ ತಡೆಪಟ್ಟಿ ಇಟ್ಟೆವು. ಪ್ರೊಪೆಲ್ಲರ್ ಶಾಫ್ಟನ್ನು ಅಳತೆಗೆ ಕತ್ತರಿಸಿ ಮಾಡಿಸಬೇಕಾಯಿತು, ಬಜೆಟ್ಟಿನಲ್ಲಿ ಹೆಚ್ಚು ತಿಂದದ್ದು ಅದೇ. ನೀರು ಹೋಗುವ ದಾರಿಯಲ್ಲಿ ಈ ಎಂಜಿನ್ನಿಗೆ ಎರಡು ಪ್ಲಾಸ್ಟಿಕ್ ಮೊಣಕೈ ಪೈಪುಗಳಿವೆ. ವರ್ಷಗಟ್ಟಲೆ ಬಿಸಿ ಉಂಡು ಅವು ಬಿಸ್ಕತ್ತಿನಂತೆ ಪುಡಿಯಾಗುತ್ತವೆ. ನಾವು ಕೈಯಿಟ್ಟು ಎಳೆದಾಗ ಒಂದು ತುಂಡು ಒಳಗೇ ಉಳಿಯಿತು, ಚಿಮುಟದಲ್ಲಿ ಹೆಕ್ಕಿ ತೆಗೆದೆವು. ಆ ಜಾಗಕ್ಕೆ ಲೋಹದ ಮೊಣಕೈ ಹಾಕುವವರೆಗೆ ಈ ಎಂಜಿನ್ನನ್ನು ಯಾರೂ ಟ್ರ್ಯಾಕಿಗೆ ಒಯ್ಯಬಾರದು.

ಟ್ರಕ್ಕಿನ 5.3 ಲೀಟರ್ ವಿ8 ಯಾಕೆ ಹಾಕಲಿಲ್ಲ ಎಂದು ಹಲವರು ಕೇಳುತ್ತಾರೆ. ಅದೂ ಗುಜರಿಯಲ್ಲಿ ಧಾರಾಳ, ಶಕ್ತಿಯೂ ಹೆಚ್ಚು, ಬಾಳಿಕೆಗೂ ಒಳ್ಳೆಯದೇ. ಆದರೆ ಆ ಶಕ್ತಿಯನ್ನು ಹಳೇ ಮಜ್ದಾದ ಹಿಂದಿನ ಆಕ್ಸಲ್ ಹೊರಬೇಕು, ಬ್ರೇಕು ತಡೆಯಬೇಕು, ಟೈರು ಸವೆಯಬೇಕು, ಟ್ಯಾಂಕು ಬೇಗ ಬರಿದಾಗಿ ಇನ್ನೊಂದು ಸಲ ಪಿಟ್ಟಿಗೆ ಬರಬೇಕು. 200 ಅಶ್ವಶಕ್ತಿಗೆ ಇವೆಲ್ಲ ಇದ್ದಂತೆಯೇ ಸಾಕು.

ಫ್ಲಿಂಟ್ ಊರಿನ ಕಾರ್ಖಾನೆ 2008ರ ಆಗಸ್ಟಿನಲ್ಲಿ ಈ ಎಂಜಿನ್ ನಿಲ್ಲಿಸಿತು. ಗುಜರಿಗಳಲ್ಲಿ ಕಮಾರೊಗಳು ಈಗ ತೆಳುವಾಗುತ್ತಿವೆ. ಹೊಸದಾಗಿ ತಂಡ ಕಟ್ಟುವವರು ಕಂಡಾಗಲೇ ಇಡೀ ಕಾರು ಎತ್ತಿಕೊಳ್ಳಿ, ಕೀಲಿಯನ್ನು ಕೇಳಿ ಪಡೆಯಿರಿ, ಮೈಲಿಗಿಂತ ಮೊದಲು ರೇಡಿಯೇಟರಿನ ನೀರಿನ ಬಣ್ಣ ನೋಡಿ.